ಮೂರನೇ ಪಂಕ್ತಿಗೆ ಸಿಗದ ಕೋಸಂಬರಿ: ದಾವಣಗೆರೆಯ ಒಂದು ಕಾಮಾಲೆ ಪ್ರಕರಣ

ರಕ್ತದ ಟ್ಯೂಬನ್ನು ಸೆಂಟ್ರಿಫ್ಯೂಜ್‌ಗೆ ಹಾಕಿ ತಿರುಗಿಸಿದರೆ ಕೆಂಪು ಕೆಳಗೆ ಕೂರುತ್ತದೆ, ಮೇಲೆ ತಿಳಿ ಸೀರಂ ನಿಲ್ಲುತ್ತದೆ. ಮಾಮೂಲಿಯಾಗಿ ಅದು ಒಣಹುಲ್ಲಿನ ಬಣ್ಣ. ಜೂನ್ ತಿಂಗಳ ಒಂದು ಬೆಳಿಗ್ಗೆ ನನ್ನ ಸ್ಟ್ಯಾಂಡಿನಲ್ಲಿ ಮೂರು ಟ್ಯೂಬುಗಳ ಸೀರಂ ಅರಿಶಿನ ಕದಡಿದ ನೀರಿನ ಹಾಗಿತ್ತು. ಮಷೀನಿಗೆ ಹಾಕುವ ಮೊದಲೇ ಗೊತ್ತಾಯಿತು, ಮೂರೂ ಕಾಮಾಲೆ.

ನಾನು ದಾವಣಗೆರೆಯ ಒಂದು ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಯಾವ ಲ್ಯಾಬ್, ಯಾವ ಬಡಾವಣೆ, ಯಾರ ಮನೆ ಅನ್ನುವುದು ಬೇಡ. ಗುರುತು ಸಿಗಬಾರದು ಅಂತ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ಲೆಕ್ಕ ಹಾಕಿದ ದಾರಿ ಮಾತ್ರ ಇದ್ದ ಹಾಗೇ ಇದೆ.

ಮೂವರಿಗೂ ಕಣ್ಣು ಹಳದಿ ಮಾಡುವ ಬಿಲಿರುಬಿನ್ ಏರಿತ್ತು. ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟಾದರೆ ರಕ್ತಕ್ಕೆ ಸೋರುವ ಕಿಣ್ವ) ಸಾವಿರ ದಾಟಿತ್ತು. ಲಿವರ್ ಚೆನ್ನಾಗಿರುವವರಲ್ಲಿ ಅದು ಸುಮಾರು 40ರ ಒಳಗಿರುತ್ತದೆ. ಅಡ್ರೆಸ್ ನೋಡಿದರೆ ಇಬ್ಬರು ರಿಂಗ್ ರೋಡ್ ಕಡೆಯ ಒಂದೇ ಹೊಸ ಬಡಾವಣೆಯವರು, ಮೂರನೆಯವನು ಹರಿಹರದವನು. ಮೂವರ ಮನೆತನದ ಹೆಸರೂ ಒಂದೇ. ಎಲ್ಲರೂ ಇಪ್ಪತ್ತರ ಆಸುಪಾಸಿನವರು.

ಕಾಲೇಜು ಹುಡುಗನ ಜೊತೆ ಅವನ ಅವ್ವ ಬಂದಿದ್ದರು. ಅವರಿಗೆ ಕಾರಣ ಆಗಲೇ ಗೊತ್ತಿತ್ತು.

"ಮೊನ್ನೆ ಗೋಬಿ ತಿಂದಾನ್ರೀ ಮೇಡಂ. ಬ್ಯಾಡ ಅಂದ್ರೂ ಕೇಳಂಗಿಲ್ಲ. ಆ ಕಲರ್ ತಿಂದೇ ಹಿಂಗಾಗೈತಿ."

ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧ ತಂದ ಮೇಲೆ ಜನಕ್ಕೆ ಗೋಬಿ ಗಾಡಿ ಮೇಲೆ ಮೊದಲೇ ಒಂದು ಕಣ್ಣು. ಬಣ್ಣದ ತಕರಾರು ಬೇರೆ, ಈ ಕಾಮಾಲೆ ಬೇರೆ. ಆದರೆ ಆ ಹೊತ್ತಿಗೆ ಬೀದಿಯಲ್ಲಿ ಸುದ್ದಿ ಹಬ್ಬಿಯಾಗಿತ್ತು. ಎರಡೇ ದಿನಕ್ಕೆ ಆ ಗಾಡಿ ಅಲ್ಲಿ ನಿಲ್ಲುವುದು ಬಿಟ್ಟಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಕಾಮಾಲೆ ಹೊಕ್ಕ ಮನೆಗೆ ನಿನ್ನೆ ತಿಂದದ್ದೆಲ್ಲ ವಿಷ.

ನಿನ್ನೆಯದನ್ನು ಬೈಯುವುದು ಸುಮ್ನೆ ಬಂದ ಅಭ್ಯಾಸ ಏನಲ್ಲ. ಅನ್ನ ಹಳಸಿದರೆ ಮೂಗಿಗೆ ಗೊತ್ತಾಗುತ್ತದೆ, ಸಾರು ಕೆಟ್ಟರೆ ಮೇಲೆ ನೊರೆ ಬರುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಅದನ್ನು ತಿಂದವರು ಸಾಮಾನ್ಯವಾಗಿ ಅದೇ ದಿನವೋ ಮರುದಿನವೋ ಮಲಗುತ್ತಾರೆ. ವೈರಸ್‌ನ ಜಾಡು ಹೀಗಲ್ಲ. ಅದು ಊಟದಲ್ಲಿ ಬೆಳೆಯುವುದೇ ಇಲ್ಲ. ಬದುಕಿರುವ ಜೀವಕೋಶದ ಒಳಗೆ ಹೊಕ್ಕರೆ ಮಾತ್ರ ಅದರ ಸಂತಾನ. ಪಾತ್ರೆಯಲ್ಲಿ ಎಷ್ಟು ಬಿತ್ತೋ ಅಷ್ಟೇ ಇರುತ್ತದೆ. ವಾಸನೆ ಇಲ್ಲ, ಹುಳಿ ಇಲ್ಲ, ನೊರೆ ಇಲ್ಲ. ಆದರೆ ಅಷ್ಟೇ ಸಾಕು. ಹಾಸ್ಟೆಲುಗಳಲ್ಲಿ ಒಮ್ಮೆಲೇ ವಾಂತಿ ಎಬ್ಬಿಸುವ ನೋರೋವೈರಸ್‌ಗೆ ನೂರಕ್ಕಿಂತ ಕಡಿಮೆ ಕಣಗಳು ಹೊಟ್ಟೆ ಸೇರಿದರೂ ಕೆಲಸ ಆಗುತ್ತದೆ. ಅದು 12ರಿಂದ 48 ಗಂಟೆಯಲ್ಲಿ ಕೈ ತೋರಿಸುತ್ತದೆ, ಹಾಗಾಗಿ ಅಲ್ಲಿ ನಿನ್ನೆಯ ಊಟ ಕೇಳಬೇಕು. ಕಾಮಾಲೆಯ ವೈರಸ್‌ಗಳಿಗೆ ಅಂಥ ಅವಸರ ಇಲ್ಲ.

ಹಾಗಾದರೆ ಎಷ್ಟು ಹಿಂದಿನ ಊಟವನ್ನು ಕೇಳಬೇಕು? ಅದು ಯಾವ ವೈರಸ್ ಅನ್ನುವುದರ ಮೇಲೆ ಹೋಗುತ್ತದೆ. ಈ ಪ್ರಕರಣದಲ್ಲಿ ಲ್ಯಾಬ್ ಮಾಡಿದ ದೊಡ್ಡ ಕೆಲಸ ಅಂದರೆ ಇದೇ: ಕೇಳಬೇಕಾದ ತಾರೀಖನ್ನು ಹುಡುಕಿಕೊಟ್ಟಿದ್ದು.

ಎರಡು ದಿನದ ಕಾಯುವಿಕೆ

ಊಟ, ನೀರಿನಿಂದ ಬರುವ ಕಾಮಾಲೆಯಲ್ಲಿ ಮುಖ್ಯವಾಗಿ ಎರಡು ವೈರಸ್ ಇವೆ. ಹೆಪಟೈಟಿಸ್ ಎ, ಹೆಪಟೈಟಿಸ್ ಇ. ರೋಗಿಯನ್ನು ನೋಡಿ ಇದು ಯಾವುದು ಅಂತ ಯಾವ ಡಾಕ್ಟರೂ ಹೇಳಲಾರರು. ಜ್ವರ, ಊಟ ಸೇರದಿರುವುದು, ವಾಂತಿ, ಆಮೇಲೆ ಮೂತ್ರ ಹಳದಿ, ಕಣ್ಣು ಹಳದಿ. ಎರಡರದ್ದೂ ಒಂದೇ ಮುಖ.

ನಾಲ್ಕನೇ ಸ್ಯಾಂಪಲ್ ಬಂದಾಗ ಈ ಪ್ರಶ್ನೆ ತುರ್ತಾಯಿತು. ಹೆರಿಗೆಗೆ ತವರಿಗೆ ಬಂದಿದ್ದ ಏಳು ತಿಂಗಳ ಬಸುರಿ. ಹೆಪಟೈಟಿಸ್ ಇ ಬೇರೆಯವರಲ್ಲಿ ಬಹುಪಾಲು ತಾನೇ ವಾಸಿಯಾಗುವ ಕಾಯಿಲೆ. ಆದರೆ ಬಸುರಿನ ಕೊನೆಯ ಮೂರು ತಿಂಗಳಲ್ಲಿ ಬಂದರೆ ನೂರಕ್ಕೆ 20ರಿಂದ 25ರಷ್ಟು ತಾಯಂದಿರು ಸತ್ತದ್ದೂ ಉಂಟು. 1955-56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ 29,000ಕ್ಕೂ ಜಾಸ್ತಿ ಜನರಿಗೆ ಕಾಮಾಲೆ ಬಂತು. ಅದು ಎ ಅಂತಲೇ ಎಲ್ಲರೂ ತಿಳಿದಿದ್ದರು. ಜೋಪಾನ ಮಾಡಿ ಇಟ್ಟಿದ್ದ ಸೀರಂ ಅನ್ನು ದಶಕಗಳ ಮೇಲೆ ಪರೀಕ್ಷೆ ಮಾಡಿದಾಗ ಎ ಅಲ್ಲವೇ ಅಲ್ಲ ಅಂತ ಗೊತ್ತಾಯಿತು. ಹಳೇ ಸ್ಯಾಂಪಲ್ ಚೆಲ್ಲಬೇಡಿ ಅಂತ ನಮ್ಮ ಹಿರಿಯರು ಹೇಳುವಾಗ ನನಗೆ ಈ ಕಥೆಯೇ ನೆನಪಾಗುತ್ತದೆ.

ಟೆಸ್ಟಿನ ಹೆಸರು ಎಲಿಸಾ. ಅಂಗೈ ಅಗಲದ ಪ್ಲಾಸ್ಟಿಕ್ ಪಡ್ಡಿನ ಹಂಚು ಅಂದುಕೊಳ್ಳಿ, ಗುಳಿ ಮಾತ್ರ 96. ಹೊಸದಾಗಿ ಸೋಂಕು ತಗಲಿದಾಗ ದೇಹ ಮೊದಲು ತಯಾರಿಸುವ ಪ್ರತಿಕಾಯಕ್ಕೆ ಐಜಿಎಂ ಅನ್ನುತ್ತಾರೆ. ಗುಳಿಯ ತಳದಲ್ಲಿ ಅದನ್ನು ಹಿಡಿಯುವ ಬಲೆ ಇರುತ್ತದೆ. ರೋಗಿಯ ಸೀರಂ ಹಾಕುವುದು, ತೊಳೆಯುವುದು, ವೈರಸ್ಸಿನ ತುಣುಕು ಹಾಕುವುದು, ಮತ್ತೆ ತೊಳೆಯುವುದು. ಕೊನೆಗೆ ಬಣ್ಣದ ದ್ರಾವಣ. ಐಜಿಎಂ ಇದ್ದ ಗುಳಿ ನಿಧಾನವಾಗಿ ನೀಲಿಗೆ ತಿರುಗುತ್ತದೆ. ಅದನ್ನು ನಿಲ್ಲಿಸಲು ಒಂದು ಹನಿ ಆಸಿಡ್ ಬಿಟ್ಟರೆ ನೀಲಿ ಹೋಗಿ ಹಳದಿ ಆಗುತ್ತದೆ. ಕಣ್ಣಿನಲ್ಲಿದ್ದ ಹಳದಿ ಪ್ಲೇಟಿಗೂ ಬಂದ ಹಾಗೆ.

ಕಿಟ್ ದುಬಾರಿ. ಒಂದು ಸ್ಯಾಂಪಲ್‌ಗೆ ತೆಗೆದರೂ ಟೆಸ್ಟ್ ಸರಿ ನಡೆಯಿತಾ ಅಂತ ನೋಡುವ ಕಂಟ್ರೋಲ್ ಗುಳಿಗಳು ಖರ್ಚಾಗುತ್ತವೆ. ಹಾಗಾಗಿ ಸ್ಯಾಂಪಲ್ ಕೂಡಿಸಿಕೊಂಡು ಹಾಕುವುದು ವಾಡಿಕೆ. ಈ ಸಲ ಕೂಡಿಸುತ್ತಾ ಕೂರಲಿಲ್ಲ. ಆದರೂ ಇ ಕಿಟ್ ಬೇರೆ ಕಡೆಯಿಂದ ತರಿಸಿ, ಟೆಸ್ಟ್ ಮುಗಿಸುವ ಹೊತ್ತಿಗೆ ಎರಡು ದಿನ ಆಯಿತು. ಆ ಎರಡು ದಿನ ಹುಡುಗಿಯ ತಾಯಿ ನಮ್ಮ ಕೌಂಟರ್ ಎದುರಿನ ಬೆಂಚು ಬಿಟ್ಟು ಏಳಲಿಲ್ಲ. ಬಸವಣ್ಣನ ಫೋಟೋ ಇರುವ ಪರ್ಸನ್ನು ತೆಗೆಯುವುದು, ಮುಚ್ಚುವುದು. ಕೇಳಿದ್ದು ಒಂದೇ ಮಾತು: "ಬಂತೇನವ್ವಾ?"

ನಾಲ್ವರಲ್ಲೂ ಇ ನೆಗೆಟಿವ್. ನಾಲ್ವರಲ್ಲೂ ಎ ಪಾಸಿಟಿವ್. ಬಸುರಿಯಲ್ಲಿ ಎ ಬಂದರೂ ಕಣ್ಣಿಟ್ಟು ನೋಡಬೇಕು, ಆದರೆ ಇ ತರುವ ಆ ಭಯ ಇಲ್ಲ. ತಾಯಿಗೆ ಇದನ್ನು ಡಾಕ್ಟರ್ ವಿವರಿಸಿದರು. ಆಕೆ ಅರ್ಧ ಕೇಳಿಸಿಕೊಂಡು, ಮಗಳಿಗೆ ಎಳನೀರು ತರಲು ಹೋದರು.

ಕಿರಾಣಿ ಅಂಗಡಿ ಕ್ಯಾಲೆಂಡರ್

ಹೆಪಟೈಟಿಸ್ ಎ ಮೈಗೆ ಹೊಕ್ಕ ಮೇಲೆ ಕಾಯಿಲೆ ಕಾಣಿಸಲು 15ರಿಂದ 50 ದಿನ ಬೇಕು. ಸರಾಸರಿ 28. ಅಂದರೆ ಗೋಬಿ ಗಾಡಿಗೆ ಅಲ್ಲೇ ಬಿಡುಗಡೆ. ಮೊನ್ನೆಯ ಗೋಬಿ ಇವತ್ತಿನ ಕಾಮಾಲೆ ಮಾಡಲಾರದು.

ರೋಗ ಸರ್ವೇಕ್ಷಣೆಯವರಿಗೆ ವರದಿ ಹೋಯಿತು. 2004ರಲ್ಲಿ ಶುರುವಾದ ಐಡಿಎಸ್‌ಪಿ ವ್ಯವಸ್ಥೆ ಈಗ ಆನ್‌ಲೈನ್ ಪೋರ್ಟಲ್ಲಿನಲ್ಲಿದೆ. ಆದರೆ ಬಡಾವಣೆಯಲ್ಲಿ ಮನೆ ಮನೆ ತಿರುಗಿದ್ದು ಆಶಾ ಕಾರ್ಯಕರ್ತೆಯರೇ. ಅವರು ಹುಡುಕಿ ತಂದ ಮೇಲೆ ಕಣ್ಣು ಹಳದಿಯಾದವರು ಒಂಬತ್ತು ಜನ ಸಿಕ್ಕರು. ಅವರಲ್ಲಿ ಮೂವರು ಆಸ್ಪತ್ರೆಗೇ ಬಂದಿರಲಿಲ್ಲ, ಎಲೆ ಔಷಧಿ ಕುಡಿದು ಪಥ್ಯದಲ್ಲಿದ್ದರು. ನಮ್ಮ ಕಡೆ ಕಾಮಾಲೆ ಅಂದರೆ ಮೊದಲು ನೆನಪಾಗುವುದು ಔಷಧಿ ಕೊಡುವ ಊರು, ಆಮೇಲೆ ಡಾಕ್ಟರು. ಎ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಕ್ಕೆ ತಾನಾಗೇ ಇಳಿಯುತ್ತದೆ. ಹಾಗಾಗಿ ಎಲೆ ಕೊಟ್ಟವರಿಗೆ ಹೆಸರು ಬರುತ್ತದೆ. ನಾನು ಇದಕ್ಕೆ ಜಗಳ ಆಡಲು ಹೋಗುವುದಿಲ್ಲ. ಮೊದಲು ರಕ್ತ ಕೊಟ್ಟು ಹೋಗಿ ಅನ್ನುತ್ತೇನೆ ಅಷ್ಟೇ. ಊದಿದ ಲಿವರ್‌ಗೆ ಗೊತ್ತಿಲ್ಲದ ಗಿಡದ ರಸ ಬಿದ್ದರೆ ಒಮ್ಮೊಮ್ಮೆ ಅದೇ ಹೊರೆಯಾಗುತ್ತದೆ.

ಸರ್ವೇಕ್ಷಣೆಯ ಡಾಕ್ಟರ್ ನಮ್ಮ ಲ್ಯಾಬಿಗೇ ಬಂದು ಕೂತರು. ಗೋಡೆಯ ಮೇಲಿದ್ದ ಕಿರಾಣಿ ಅಂಗಡಿ ಕ್ಯಾಲೆಂಡರ್ ಇಳಿಸಿ, ಒಂಬತ್ತು ಜನರಿಗೆ ಕಾಯಿಲೆ ಶುರುವಾದ ದಿನದ ಮೇಲೆ ಒಂದೊಂದು ಚುಕ್ಕೆ ಇಟ್ಟರು. ಚುಕ್ಕೆಗಳೆಲ್ಲ ಹದಿಮೂರು ದಿನದೊಳಗೆ ಗುಂಪಾಗಿ ಬಿದ್ದವು. ನೀರಿನ ಪೈಪ್ ಒಡೆದು ದಿನಾ ಕೊಳೆ ಸೇರುತ್ತಿದ್ದರೆ ಚುಕ್ಕೆ ಉದ್ದಕ್ಕೆ ಎಳೆದುಕೊಂಡು ಹೋಗುತ್ತವೆ. ಹೀಗೆ ಗುಂಪಾದರೆ ಎಲ್ಲರೂ ಒಂದೇ ದಿನ ಒಂದೇ ಕಡೆ ಏನೋ ತಿಂದಿದ್ದಾರೆ ಅಂತ ಅರ್ಥ. ಗುಂಪಿನ ನಡುವಿನಿಂದ 28 ದಿನ ಹಿಂದಕ್ಕೆ ಬೆರಳು ಓಡಿಸಿದರು. ಮೇ ತಿಂಗಳ ಹಾಳೆ ತಿರುವಬೇಕಾಯಿತು. ಬೆರಳು ನಿಂತ ವಾರದಲ್ಲಿ ಆ ಮನೆತನದ ಗೃಹಪ್ರವೇಶ ಇತ್ತು.

ಹರಿಹರದ ಹುಡುಗ ಅದೊಂದೇ ದಿನಕ್ಕೆ ಬಂದು ಹೋಗಿದ್ದ. ಹೊಳಲ್ಕೆರೆಯ ಒಬ್ಬ ಅಕ್ಕನೂ ಅಷ್ಟೇ. ಅದೇ ಬೀದಿಯಲ್ಲಿದ್ದು ಊಟಕ್ಕೆ ಹೋಗದ ಮನೆಗಳಲ್ಲಿ ಒಬ್ಬರಿಗೂ ಕಾಯಿಲೆ ಇಲ್ಲ. ಅಲ್ಲಿಗೆ ಬೀದಿಯನ್ನು ಬಿಟ್ಟು ಊಟದ ಕಡೆ ತಿರುಗಿದೆವು.

ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಪಲ್ಯ, ಚಿತ್ರಾನ್ನ, ಮಿರ್ಚಿ, ಕೋಸಂಬರಿ, ಅನ್ನ, ಮಜ್ಜಿಗೆ. ಸುಮಾರು ಇನ್ನೂರು ಜನ, ಮೂರು ಪಂಕ್ತಿ. ಹೋದ ತಿಂಗಳು ಏನು ತಿಂದಿರಿ ಅಂದರೆ ಯಾರಿಗೆ ನೆನಪಿರುತ್ತದೆ ಹೇಳಿ. ಆದರೆ ಈಗ ಎಲ್ಲರ ಮೊಬೈಲಿನಲ್ಲೂ ವಿಡಿಯೋ ಇರುತ್ತದಲ್ಲ. ಮನೆಯವರ ಮಗ ಪಂಕ್ತಿ ಉದ್ದಕ್ಕೂ ನಡೆದು ತೆಗೆದಿದ್ದ. ಮೊದಲ ಎರಡು ಪಂಕ್ತಿಯ ಎಲೆ ತುದಿಯಲ್ಲಿ ಕೋಸಂಬರಿ ಕಾಣುತ್ತದೆ. ಮೂರನೆಯದರಲ್ಲಿ ಆ ಜಾಗ ಖಾಲಿ. ಯಾರೋ "ಕೋಸಂಬರಿ ಎಲ್ಲೋ?" ಅಂತ ಕೂಗುತ್ತಾರೆ, ಬಡಿಸುವವನು "ಖಾಲಿ ಆತು ಕಾಕಾ" ಅನ್ನುತ್ತಾನೆ. ಕಾಯಿಲೆ ಬಿದ್ದ ಒಂಬತ್ತೂ ಜನ ಮೊದಲ ಎರಡು ಪಂಕ್ತಿಯವರು. ಮೂರನೇ ಪಂಕ್ತಿಯಲ್ಲಿ ಒಬ್ಬರೂ ಇಲ್ಲ.

ಎಲ್ಲ ಹೊಂದಿತು ಅಂತಲ್ಲ. ಒಂಬತ್ತರಲ್ಲಿ ಒಬ್ಬಾಕೆ ಕೋಸಂಬರಿ ಮುಟ್ಟಿಯೇ ಇಲ್ಲ ಅಂತ ಕೊನೆಯವರೆಗೂ ಹಟ ಹಿಡಿದಳು. ಎಲೆಯಲ್ಲಿ ಪಕ್ಕದ ಪಲ್ಯಕ್ಕೆ ತಾಗಿರಬಹುದು, ಮರೆತಿರಬಹುದು, ಬೇರೆ ದಾರಿಯೂ ಇರಬಹುದು. ವರದಿಯಲ್ಲಿ ಹಾಗೇ ಬರೆದೆವು.

ಇನ್ನೊಂದು ಒಗಟು ಅಜ್ಜಿಯದು. ಎರಡು ಸಲ ಕೇಳಿ ಕೋಸಂಬರಿ ಹಾಕಿಸಿಕೊಂಡಿದ್ದರಂತೆ, ಗುಂಡುಕಲ್ಲಿನ ಹಾಗಿದ್ದಾರೆ. ಅವರ ರಕ್ತದಲ್ಲಿ ಐಜಿಎಂ ಇಲ್ಲ, ಹಳೇ ಸೋಂಕಿನ ಗುರುತಾಗಿ ಉಳಿಯುವ ಪ್ರತಿಕಾಯ ಐಜಿಜಿ ಇದೆ. ಅವರ ಬಾಲ್ಯದಲ್ಲಿ ಬಾವಿ ನೀರು, ಕೆರೆ ನೀರು. ಈ ವೈರಸ್ ಆಗಲೇ ಬಂದು ಹೋಗಿದೆ. ಆರು ವರ್ಷದೊಳಗಿನ ಮಕ್ಕಳಿಗೆ ಬಂದರೆ ಬಹುಪಾಲು ಕಣ್ಣು ಹಳದಿಯೂ ಆಗುವುದಿಲ್ಲ, ರಕ್ಷಣೆ ಮಾತ್ರ ಜೀವನಪೂರ್ತಿ ಉಳಿಯುತ್ತದೆ. ಫಿಲ್ಟರ್ ನೀರು ಕುಡಿದು ಬೆಳೆದ ಮೊಮ್ಮಕ್ಕಳಿಗೆ ಆ ರಕ್ಷಣೆ ಸಿಕ್ಕಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಮೊದಲ ಸಲ ಎದುರಾದರೆ ಲಿವರ್‌ಗೆ ಜಾಸ್ತಿ ಪೆಟ್ಟು. ಅಜ್ಜಿಗೆ ಇದನ್ನು ಹೇಳಿದೆ. "ಹಂಗಾರ ನಮ್ಮ ಕೆರೆ ನೀರೇ ಚಲೋ ಇತ್ತು ಅನ್ನು" ಅಂದರು. ಅಲ್ಲ ಅಜ್ಜಿ, ಅನ್ನಲು ಹೋಗಿ ಸುಮ್ಮನಾದೆ. ಆ ಕೆರೆ ನೀರು ಕುಡಿದು ಉಳಿಯದ ಮಕ್ಕಳ ಲೆಕ್ಕ ಅವರಿಗೂ ಗೊತ್ತಿತ್ತು.

ಮೊಳಕೈವರೆಗೆ

ಇನ್ನೂರು ಜನರ ಕೋಸಂಬರಿ ಸೌಟಿನಲ್ಲಿ ಕಲಸಲು ಆಗುವುದಿಲ್ಲ. ನೆನೆಸಿದ ಹೆಸರುಬೇಳೆ, ಸೌತೆಕಾಯಿ ತುರಿ, ಕಾಯಿತುರಿ, ಕೊತ್ತಂಬರಿ ಎಲ್ಲ ದೊಡ್ಡ ಬುಟ್ಟಿಗೆ ಸುರಿದು, ಉಪ್ಪು, ನಿಂಬೆ ಹಿಂಡಿ, ಮೊಳಕೈವರೆಗೆ ಕೈ ಇಳಿಸಿ ಕೆಳಗಿನದನ್ನು ಮೇಲೆ ಎತ್ತಬೇಕು. ಕೊನೆಗೆ ಸಾಸಿವೆ ಒಗ್ಗರಣೆ ಚುರ್ ಅಂದರೂ ಬಿಸಿ ತಾಗುವುದು ಮೇಲಿನ ಒಂದು ಹಿಡಿಗೆ. ಹೆಪಟೈಟಿಸ್ ಎ ವೈರಸ್ ಸಾಯಲು 85 ಡಿಗ್ರಿ ಬಿಸಿ ಒಂದು ನಿಮಿಷ ಬೇಕು. ನಿಂಬೆ ಹುಳಿ ಅದಕ್ಕೆ ಲೆಕ್ಕಕ್ಕಿಲ್ಲ, ಹೊಟ್ಟೆಯ ಆಸಿಡ್ಡನ್ನೇ ದಾಟಿ ಬರುವ ವೈರಸ್ ಅದು. ಎಣ್ಣೆಯಿಂದ ಈಗ ತಾನೇ ಎದ್ದ ಮಿರ್ಚಿ, ಕಾವಲಿ ಮೇಲಿನ ಬೆಣ್ಣೆ ದೋಸೆ, ಕುದಿಯುವ ಸಾರು ಇವೆಲ್ಲ ಆ ಮಟ್ಟಿಗೆ ಕ್ಷೇಮ. ಬೆಂದ ಮೇಲೆ ಕೈ ಸೋಕುವುದು, ಬೇಯದೇ ಎಲೆಗೆ ಬರುವುದು ಈ ವೈರಸ್‌ಗೆ ಬೇಕಾದ ಜಾಗ. ದೋಸೆ ಪಕ್ಕದ ಚಟ್ನಿಯೂ ಇದೇ ಸಾಲಿಗೆ ಸೇರುತ್ತದೆ, ಬೇಜಾರಾದರೂ ಹೇಳಬೇಕು. 1988ರಲ್ಲಿ ಶಾಂಘೈನಲ್ಲಿ ಅರೆಬೆಂದ ಚಿಪ್ಪುಮೀನು ತಿಂದು ಸುಮಾರು 3 ಲಕ್ಷ ಜನ ಇದೇ ಎ ಕಾಮಾಲೆ ಬಿದ್ದರು.

ಕಲಸಿದ್ದು ಅಡುಗೆಯವರ ಜೊತೆ ದಿನಗೂಲಿಗೆ ಬರುತ್ತಿದ್ದ ಒಬ್ಬಾಕೆ. ಆ ದಿನ ಆಕೆಗೆ ಸುಸ್ತು ಇತ್ತಂತೆ, ಮೇ ತಿಂಗಳ ಬಿಸಿಲು ಅಂದುಕೊಂಡಳು. ಆರನೇ ದಿನಕ್ಕೆ ಕಣ್ಣು ಹಳದಿ. ಔಷಧಿ ಕುಡಿದು ಮನೆಯಲ್ಲೇ ಇದ್ದು ವಾಸಿಯಾದಳು. ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಈ ವೈರಸ್‌ನ ಕುತಂತ್ರ ಇರುವುದೇ ಇಲ್ಲಿ: ಕಣ್ಣು ಹಳದಿಯಾಗುವ ಮೊದಲಿನ ಒಂದೆರಡು ವಾರದಲ್ಲೇ ಅದು ಮಲದಲ್ಲಿ ಅತಿ ಜಾಸ್ತಿ ಹೊರಬೀಳುವುದು. ಆಗ ಮನುಷ್ಯ ಎಲ್ಲರಂತೆ ಕೆಲಸಕ್ಕೆ ಬರುತ್ತಾನೆ.

ಐಜಿಎಂ ಮೂರು ತಿಂಗಳಿಗೂ ಹೆಚ್ಚು ಕಾಲ ರಕ್ತದಲ್ಲಿ ಉಳಿಯುತ್ತದೆ. ಹಾಗಾಗಿ ತಡವಾದರೂ ಆಕೆಯ ಟೆಸ್ಟ್ ಪಾಸಿಟಿವ್ ಬಂತು. ಅಂಗನವಾಡಿ ವಯಸ್ಸಿನ ಮಗುವಿದೆ, ಏನೂ ಆಗಿರಲಿಲ್ಲ. ಅದರ ರಕ್ತದಲ್ಲೂ ಪಾಸಿಟಿವ್. ತಾಯಿಗೆ ಬಂದದ್ದು ಮಗುವಿನಿಂದ ಇರಬಹುದು.

ಸುದ್ದಿ ತಿಳಿದ ಮೇಲೆ ಎಲ್ಲರ ಬಾಯಿ ಗೋಬಿ ಗಾಡಿ ಬಿಟ್ಟು ಆಕೆಯ ಕಡೆ ತಿರುಗಿತು. ನಾನು ಒಂದು ಪ್ರಶ್ನೆ ಕೇಳಿದೆ: ಅಡುಗೆಯವರು ಆ ದಿನ ಕೈ ತೊಳೆದದ್ದು ಎಲ್ಲಿ? ಮನೆ ಹಿಂದಿನ ಹೊರಗಿನ ಟಾಯ್ಲೆಟ್ ಇನ್ನೂ ಅರೆಬರೆ ಆಗಿತ್ತು. ನಲ್ಲಿ ಕೂಡಿಸಿರಲಿಲ್ಲ. ಒಂದು ಡ್ರಮ್ ನೀರು, ಒಂದು ಚೆಂಬು. ಸೋಪು ಇರಲಿಲ್ಲ. ಕಟ್ಟು ಕಟ್ಟು ಬಾಳೆಎಲೆ ತರಿಸಿದ ಮನೆಯಲ್ಲಿ ಹತ್ತು ರೂಪಾಯಿಯ ಸೋಪು ಯಾರಿಗೂ ನೆನಪಾಗಿರಲಿಲ್ಲ. ಊಟದ ಹಾಲಿನಲ್ಲಿ ಸ್ಯಾನಿಟೈಸರ್ ಬಾಟಲಿ ಇತ್ತು. ಹೊರಪೊರೆ ಇಲ್ಲದ ಈ ಜಾತಿಯ ವೈರಸ್‌ಗಳಿಗೆ ಸ್ಪಿರಿಟ್ ಅಷ್ಟಾಗಿ ನಾಟುವುದಿಲ್ಲ. ಸೋಪಿನಲ್ಲಿ ತಿಕ್ಕಿ ನೀರಿನಲ್ಲಿ ಹರಿಸಿಬಿಡುವುದೇ ದಾರಿ.

ನೀರು ಮತ್ತು ಊಟದ ಟೆಸ್ಟ್

ಮನೆಯವರಿಗೆ ಮಾತ್ರ ಸಂಪಿನ ಮೇಲೆ ಅನುಮಾನ. ಬಡಾವಣೆಗೆ ಇನ್ನೂ ನಲ್ಲಿ ನೀರಿಲ್ಲ, ಟ್ಯಾಂಕರ್ ತರಿಸುತ್ತಾರೆ. ಸ್ಯಾಂಪಲ್ ತಂದರು, ನೀರಿಗೆ ಕೊಳೆ ಸೇರಿದ್ದನ್ನು ತೋರಿಸುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಬರಲಿಲ್ಲ. "ಹಂಗಾದ್ರೆ ನೀರು ಸರಿ ಐತಲ್ರೀ?" ಅಂದರು. ಹಾಗೆ ಹೇಳಲು ಬರುವುದಿಲ್ಲ. ಆ ಟೆಸ್ಟ್ ಇವತ್ತಿನ ನೀರಿನದು, ಗೃಹಪ್ರವೇಶದ ನೀರು ಎಂದೋ ಖಾಲಿಯಾಗಿದೆ. ಮೇಲಾಗಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಸತ್ತ ನೀರಿನಲ್ಲೂ ವೈರಸ್ ಉಳಿದಿರಬಹುದು. ನೀರಿನ ಪರವಾಗಿ ಸಾಕ್ಷಿ ಹೇಳಿದ್ದು ಟೆಸ್ಟಲ್ಲ, ಮೂರನೇ ಪಂಕ್ತಿ. ಅವರೂ ಅದೇ ಸಂಪಿನ ನೀರು, ಮಜ್ಜಿಗೆ ಕುಡಿದಿದ್ದರು.

ಆದರೂ ಸಂಪಿನಲ್ಲಿ ಕ್ಲೋರಿನ್ ಸೊನ್ನೆ ಇತ್ತು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಕ್ಲೋರಿನ್ ಹಾಕಿದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ವೈರಸ್ ಭಯ ಇದ್ದರೆ 0.5. ಈ ಎರಡನೇ ಅಂಕಿ ಬಹಳ ಜನಕ್ಕೆ ಗೊತ್ತಿಲ್ಲ. ಒಳ್ಳೇ ಬ್ಲೀಚಿಂಗ್ ಪೌಡರ್ ಆದರೆ ಸಾವಿರ ಲೀಟರ್ ತಿಳಿ ನೀರಿಗೆ ಸುಮಾರು 2.5 ಗ್ರಾಂ, ಹಾಕಿ ಅರ್ಧ ಗಂಟೆಯಾದರೂ ಬಿಡಬೇಕು. ಬಾಯಿ ಬಿಚ್ಚಿ ವರ್ಷಗಟ್ಟಲೆ ಇಟ್ಟ ಪೌಡರ್ ಸುಣ್ಣಕ್ಕೆ ಸಮ.

ಊಟವನ್ನೇ ಯಾಕೆ ಟೆಸ್ಟ್ ಮಾಡಲಿಲ್ಲ ಅಂತ ಪತ್ರಿಕೆಯವರೊಬ್ಬರು ಕೇಳಿದರು. ಕೋಸಂಬರಿ ಮೂರನೇ ಪಂಕ್ತಿಗೇ ಉಳಿಯಲಿಲ್ಲ, ಒಂದು ತಿಂಗಳಾದ ಮೇಲೆ ನಮಗೆಲ್ಲಿ ಉಳಿಯುತ್ತದೆ? ಉಳಿದಿದ್ದರೂ ಸುಲಭ ಅಲ್ಲ. ಸಾಲ್ಮೊನೆಲ್ಲಾ ಥರದ ಬ್ಯಾಕ್ಟೀರಿಯಾ ಆದರೆ ಆಹಾರದ ಚೂರನ್ನು ಪೋಷಕ ದ್ರವದಲ್ಲಿ ರಾತ್ರಿ ಇಟ್ಟರೆ ಒಂದು ಇದ್ದದ್ದು ಕೋಟಿ ಆಗುತ್ತದೆ. ವೈರಸ್ ಹಾಗೆ ಬೆಳೆಯದು. ಸೊಪ್ಪನ್ನು, ಹಣ್ಣನ್ನು ದ್ರವದಲ್ಲಿ ತೊಳೆದು, ಆ ನೀರನ್ನು ಗಟ್ಟಿ ಮಾಡಿ, ಆರ್‌ಎನ್‌ಎ ತೆಗೆದು, ಆರ್‌ಟಿ-ಪಿಸಿಆರ್‌ಗೆ ಹಾಕಬೇಕು. ಇದಕ್ಕೆ ಐಎಸ್‌ಒ 15216 ಅನ್ನುವ ಅಂತರರಾಷ್ಟ್ರೀಯ ವಿಧಾನ ಇದೆ. ಅದರಲ್ಲಿ ಒಂದು ಜಾಣತನ ನನಗೆ ಇಷ್ಟ. ಸ್ಯಾಂಪಲ್‌ಗೆ ಮೊದಲೇ ಲೆಕ್ಕ ಗೊತ್ತಿರುವ ಬೇರೊಂದು ನಿರಪಾಯ ವೈರಸ್ ಬೆರೆಸುತ್ತಾರೆ. ಕೊನೆಯಲ್ಲಿ ಅದು ಎಷ್ಟು ವಾಪಸ್ ಸಿಕ್ಕಿತು ಅಂತ ನೋಡುತ್ತಾರೆ. ಬೆರೆಸಿದ್ದೇ ಸಿಗದಿದ್ದರೆ 'ನೆಗೆಟಿವ್' ಅನ್ನುವ ಮಾತಿಗೆ ಬೆಲೆ ಇಲ್ಲ. ಇಷ್ಟೆಲ್ಲ ಮಾಡಿದರೂ ಪಿಸಿಆರ್‌ಗೆ ಬದುಕಿದ ವೈರಸ್, ಸತ್ತ ವೈರಸ್ ಎರಡೂ ಒಂದೇ.

ಹಾಗಾಗಿ ಮುಂದೆ ಹರಡದಂತೆ ನೋಡಿಕೊಳ್ಳಲು ಬಳಸಿದ್ದು ರಕ್ತದ ರಿಪೋರ್ಟನ್ನೇ. ಗೃಹಪ್ರವೇಶಕ್ಕೆ ಬಂದವರಿಗೆ ಲಸಿಕೆ ಹಾಕುವ ಕಾಲ ಮೀರಿತ್ತು, ಸೋಂಕು ತಾಗಿದ ಎರಡು ವಾರದೊಳಗೆ ಹಾಕಿದರೆ ಪ್ರಯೋಜನ. ಆದರೆ ಈಗ ಕಾಯಿಲೆ ಬಿದ್ದ ಒಂಬತ್ತು ಜನರ ಮನೆಯವರಿಗೆ ಇನ್ನೂ ಸಮಯ ಇತ್ತು. ಐಜಿಜಿ ಇದ್ದ ಹಿರಿಯರನ್ನು ಬಿಟ್ಟು ಉಳಿದವರಿಗೆ ಡಾಕ್ಟರ್ ಲಸಿಕೆ ಬರೆದರು. ಕಾಯಿಲೆಯವರಿಗೆ ಅಡುಗೆಮನೆ ಬಂದ್. ಕಾಲೇಜು ಹುಡುಗನ ತಮ್ಮ ಮಾತ್ರ ಪರೀಕ್ಷೆ ಇದೆ, ಆಮೇಲೆ ಅಂತ ಮುಂದೂಡಿದ. ಜುಲೈ ಕೊನೆಗೆ ಅವನ ಟ್ಯೂಬೂ ನನ್ನ ಸ್ಟ್ಯಾಂಡಿಗೆ ಬಂತು, ಅದೇ ಅರಿಶಿನದ ಬಣ್ಣ.

ಅವನೇ ಕೊನೆಯವನು. ಅವನ ನಂತರ 50 ದಿನ ಎಣಿಸಿದೆವು, ಹೊಸಬರು ಬರಲಿಲ್ಲ. ಫೈಲಿನಲ್ಲಿ 'ಮೂಲ' ಅನ್ನುವ ಕಡೆ 'ಬಹುಶಃ ಕೋಸಂಬರಿ' ಅಂತ ಬರೆದು ಮುಚ್ಚಿದೆವು. ಬಸುರಿ ಹುಡುಗಿಗೆ ಅಷ್ಟರಲ್ಲಿ ಹೆರಿಗೆಯಾಗಿತ್ತು, ತಾಯಿ ಮಗು ಚೆನ್ನಾಗಿದ್ದರು. ಅವಳ ತಾಯಿ ಲ್ಯಾಬಿಗೆ ಒಂದು ಡಬ್ಬಿ ಹೋಳಿಗೆ ತಂದುಕೊಟ್ಟು, "ಬಿಸಿ ಐತಿ, ಧೈರ್ಯವಾಗಿ ತಿನ್ರೀ" ಅಂದು ನಕ್ಕರು. ಗೋಬಿ ಗಾಡಿಯವನು ಮಾತ್ರ ಆ ಬೀದಿಗೆ ವಾಪಸ್ ಬರಲಿಲ್ಲ.